ಕಂಪ್ಯೂಟರ್ ತಂತ್ರಜ್ಞ ಪ್ರಮಾಣಪತ್ರ ಪರೀಕ್ಷೆಯ ಸಿದ್ಧತೆ: ಚಂದ್ರಬಂಡ ಹೋಬಳಿಯಿಂದ ಒಂದು ನೋಟ

ಕಂಪ್ಯೂಟರ್ ತಂತ್ರಜ್ಞ ಪ್ರಮಾಣಪತ್ರ ಪರೀಕ್ಷೆ: ಕೆಟ್ಟ ಕಂಪ್ಯೂಟರಿನ ದೋಷ ಹುಡುಕಿ, ಸರಿಪಡಿಸಿ, ಒಳಗಿದ್ದ ಕಡತಗಳಿಗೆ ಧಕ್ಕೆ ಬಾರದಂತೆ ಬಳಸುವವರ ಕೈಗೆ ಮರಳಿಸಬಲ್ಲರೇ ಎಂದು ಹೊಸಬರನ್ನು ಒರೆಗೆ ಹಚ್ಚುವ ಪರೀಕ್ಷೆ. ಪ್ರೋಗ್ರಾಮ್ ಬರೆಯುವ ವಿದ್ಯೆಗೂ ಇದಕ್ಕೂ ನಂಟು ಕಡಿಮೆ. ಯಂತ್ರದ ಬಿಡಿಭಾಗಗಳು, ಕಾರ್ಯಾಚರಣ ವ್ಯವಸ್ಥೆ, ನೆಟ್‌ವರ್ಕ್, ಪ್ರಿಂಟರ್, ಸುರಕ್ಷತೆ, ಗ್ರಾಹಕರೊಡನೆ ನಡೆದುಕೊಳ್ಳುವ ಬಗೆ ಇವೇ ಇದರ ವಿಷಯಗಳು. ಭಾರತದಲ್ಲಿ ಐಟಿಐಗಳ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ, ನೀಲಿಟ್ ಸಂಸ್ಥೆಯ ಹಾರ್ಡ್‌ವೇರ್ ‘ಓ’ ಲೆವೆಲ್, ಕೌಶಲ್ಯ ಮಂಡಳಿಗಳ ಅರ್ಹತಾಪತ್ರ, ವಿದೇಶದ ಕಾಂಪ್‌ಟಿಯಾ ಎ ಪ್ಲಸ್ ಎಂದು ಇದಕ್ಕೆ ಹಲವು ದಾರಿಗಳಿವೆ.

ರಾಯಚೂರು ತಾಲ್ಲೂಕಿನ ಚಂದ್ರಬಂಡ ತೆಲಂಗಾಣದ ಗಡಿಗೆ ಹತ್ತಿರದ ಹೋಬಳಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ದಖನಿ ಉರ್ದು ಆಡುವ ಮಕ್ಕಳು ಈ ಭಾಗದಲ್ಲಿ ಅಪರೂಪವಲ್ಲ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಎಡೆದೊರೆ ನಾಡಿನ ಹತ್ತಿ, ಭತ್ತ, ಮೆಣಸಿನಕಾಯಿಯ ಬಗ್ಗೆ ಬೇಕಾದಷ್ಟು ಬರೆದದ್ದಿದೆ. ಇಲ್ಲಿನ ಕಂಪ್ಯೂಟರುಗಳ ಬಗ್ಗೆ ಬರೆದದ್ದು ಕಡಿಮೆ. ಆದರೆ ಇಂದು ಕಂಪ್ಯೂಟರ್ ಮುಟ್ಟದ ರೈತನ ಬದುಕೇ ಇಲ್ಲ. 2000ದ ದಶಕದ ಆರಂಭದಲ್ಲಿ ಭೂಮಿ ಯೋಜನೆಯಿಂದ ಪಹಣಿಗಳು ಗಣಕಕ್ಕೆ ಬಂದವು. ಮುಂದೆ ಹೋಬಳಿಗೊಂದು ನಾಡಕಚೇರಿಯಲ್ಲಿ ಜಾತಿ, ಆದಾಯ ಪತ್ರಗಳು ಗಣಕದಿಂದಲೇ ಸಿಗತೊಡಗಿದವು. ಗ್ರಾಮ ಒನ್, ಸಾಮಾನ್ಯ ಸೇವಾ ಕೇಂದ್ರಗಳು ಹಳ್ಳಿಗೇ ಬಂದವು. ಒಂದು ಪ್ರಿಂಟರ್ ನಿಂತರೆ ಬೆಳೆವಿಮೆಗೆ ಅರ್ಜಿ ಹಾಕಲು ಬಂದವರ ಒಂದು ದಿನದ ಕೂಲಿ ಹೋಗುತ್ತದೆ. ಆ ಪ್ರಿಂಟರ್ ಸರಿಮಾಡುವವರು ರಾಯಚೂರಿನಿಂದ ಬಸ್ಸು ಹತ್ತಿ ಬರುವವರೆಗೆ ಕಾಯದೆ, ಊರಲ್ಲೇ ಒಬ್ಬರಿದ್ದರೆ ಎಷ್ಟು ಅನುಕೂಲ ಎಂಬುದನ್ನು ಇಲ್ಲಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಜಿಲ್ಲೆಗೆ 2019ರಲ್ಲಿ ಐಐಐಟಿ ಬಂತು. ಅದು ಹೆಮ್ಮೆಯ ಸಂಗತಿ. ಆದರೆ ಕಂಪ್ಯೂಟರ್ ಕಲಿಯುವುದೆಂದರೆ ಎಂಜಿನಿಯರ್ ಆಗುವುದು ಎಂದೇ ಮನೆಗಳಲ್ಲಿ ನಂಬಿಕೆ ಬಲಿತು, ಹತ್ತನೇ ತರಗತಿ ಮುಗಿಸಿದ ಹುಡುಗ ಹುಡುಗಿಯರಿಗೆ ಒಂದೆರಡು ವರ್ಷದಲ್ಲಿ ಕೈಗೆಟಕುವ ತಂತ್ರಜ್ಞನ ವೃತ್ತಿ ಮರೆಗೆ ಸರಿದಿದೆ.

ಹಿನ್ನೆಲೆ

1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ಮಾರುಕಟ್ಟೆಗೆ ತಂದಿತು. ಸ್ವಲ್ಪ ಕಾಲದಲ್ಲೇ ಅದರಂತೆಯೇ ನಡೆಯುವ ಯಂತ್ರಗಳನ್ನು ಹತ್ತಾರು ಕಂಪನಿಗಳು ಜೋಡಿಸತೊಡಗಿದವು. ಅಲ್ಲಿಯವರೆಗೆ ಯಂತ್ರ ಮಾರಿದ ಕಂಪನಿಯೇ ದುರಸ್ತಿಗಾರನನ್ನೂ ತರಬೇತುಗೊಳಿಸುತ್ತಿತ್ತು. ಒಬ್ಬರ ಮದರ್‌ಬೋರ್ಡ್, ಇನ್ನೊಬ್ಬರ ಹಾರ್ಡ್‌ಡಿಸ್ಕ್, ಮತ್ತೊಬ್ಬರ ವಿದ್ಯುತ್ ಪೂರೈಸುವ ಡಬ್ಬಿಯಾದ ಎಸ್‌ಎಂಪಿಎಸ್ ಸೇರಿ ಒಂದು ಯಂತ್ರವಾದಾಗ ಎಲ್ಲವನ್ನೂ ಬಲ್ಲ ತಂತ್ರಜ್ಞ ಬೇಕಾದ. ಅಮೆರಿಕದಲ್ಲಿ 1982ರಲ್ಲಿ ಕಂಪ್ಯೂಟರ್ ವ್ಯಾಪಾರಿಗಳ ಸಂಘವಾಗಿ ಹುಟ್ಟಿ ಮುಂದೆ ಕಾಂಪ್‌ಟಿಯಾ ಎಂದು ಹೆಸರಾದ ಸಂಸ್ಥೆ, ಯಾವುದೇ ಕಂಪನಿಗೆ ಕಟ್ಟುಬೀಳದ ಎ ಪ್ಲಸ್ ಪರೀಕ್ಷೆಯನ್ನು 1993ರಲ್ಲಿ ಶುರುಮಾಡಿತು.

ಭಾರತದಲ್ಲಿ ಕುಶಲಕರ್ಮಿ ತರಬೇತಿ ಯೋಜನೆ 1950ರಿಂದಲೇ ನಡೆದುಬಂದಿದೆ. ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಜೊತೆಗೆ ಕಂಪ್ಯೂಟರಿನ ಟ್ರೇಡುಗಳು ಬಹಳ ತಡವಾಗಿ ಸೇರಿದವು. ಡೋಯಾಕ್ ಎಂದು ಹೆಸರಾಗಿದ್ದ ಕೇಂದ್ರ ಸರ್ಕಾರದ ಸಂಸ್ಥೆ 2011ರಲ್ಲಿ ನೀಲಿಟ್ ಆಯಿತು. ಅಷ್ಟರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆ, ಸಿಕಂದರಾಬಾದಿನ ಪಾರ್ಕ್ ಲೇನಿನ ಚಿನಾಯ್ ಟ್ರೇಡ್ ಸೆಂಟರ್‌ಗಳಲ್ಲಿ ಬಿಡಿಭಾಗ ಕೊಂಡು ಯಂತ್ರ ಜೋಡಿಸುವ ಒಂದು ತಲೆಮಾರೇ ತಯಾರಾಗಿತ್ತು. ಅವರಲ್ಲಿ ಹೆಚ್ಚಿನವರು ಅಂಗಡಿಯಲ್ಲಿ ನಿಂತು, ಗುರುವಿನ ಕೈ ನೋಡಿ ಕಲಿತವರು. ಅವರ ಕೈಚಳಕಕ್ಕೆ ಇಂದಿಗೂ ಸಾಟಿಯಿಲ್ಲ. ಬ್ಯಾಂಕು, ಆಸ್ಪತ್ರೆ, ವಿದ್ಯುತ್ ಸ್ಥಾವರದಂಥ ಸಂಸ್ಥೆಗಳು ಕೆಲಸಕ್ಕೆ ತೆಗೆದುಕೊಳ್ಳುವಾಗ ಕೇಳುವ ಕಾಗದ ಮಾತ್ರ ಅವರಲ್ಲಿ ಅನೇಕರ ಬಳಿ ಇಲ್ಲ.

ಯಾವ ಪರೀಕ್ಷೆ?

ಹತ್ತನೇ ತರಗತಿ ಮುಗಿಸಿದವರಿಗೆ ಮೊದಲ ಆಯ್ಕೆ ಐಟಿಐ. ಇಲ್ಲಿ ಹೆಸರುಗಳ ಗೊಂದಲ ಬಹಳ. ‘ಕೋಪಾ’ ಎಂದು ಎಲ್ಲರ ಬಾಯಲ್ಲಿರುವ ಕಂಪ್ಯೂಟರ್ ಆಪರೇಟರ್ ಅಂಡ್ ಪ್ರೋಗ್ರಾಮಿಂಗ್ ಅಸಿಸ್ಟೆಂಟ್ ಒಂದು ವರ್ಷದ ಟ್ರೇಡು. ಅದು ಮುಖ್ಯವಾಗಿ ಕಂಪ್ಯೂಟರ್ ಬಳಸುವುದನ್ನು ಕಲಿಸುತ್ತದೆ. ದುರಸ್ತಿ ಕಲಿಯಬೇಕಾದವರು ಕೇಳಬೇಕಾದದ್ದು ಒಂದು ವರ್ಷದ ಕಂಪ್ಯೂಟರ್ ಹಾರ್ಡ್‌ವೇರ್ ಅಂಡ್ ನೆಟ್‌ವರ್ಕ್ ಮೇಂಟೆನೆನ್ಸ್ ಟ್ರೇಡನ್ನು, ಇಲ್ಲವೇ ಎರಡು ವರ್ಷದ ಐಸಿಟಿ ಸಿಸ್ಟಮ್ ಮೇಂಟೆನೆನ್ಸ್ ಟ್ರೇಡನ್ನು. ಎಲ್ಲ ಐಟಿಐಗಳಲ್ಲಿ ಇವು ಇರುವುದಿಲ್ಲ. ರಾಯಚೂರು, ಮಾನ್ವಿ, ದೇವದುರ್ಗ ಎಲ್ಲಿ ಸೇರಬೇಕೆಂದಿದ್ದರೂ ಅರ್ಜಿ ತುಂಬುವ ಮುನ್ನ ಸಂಸ್ಥೆಗೇ ಹೋಗಿ ಟ್ರೇಡಿನ ಹೆಸರು ಕೇಳಿ, ಪ್ರಯೋಗಾಲಯವನ್ನೂ ಕಣ್ಣಾರೆ ನೋಡಿ ಬರುವುದು ಒಳ್ಳೆಯದು. ರಾಜ್ಯದ 150 ಐಟಿಐಗಳನ್ನು ತಂತ್ರಜ್ಞಾನ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಿದ್ದನ್ನು 2022ರ ಜೂನ್ 20ರಂದು ಪ್ರಧಾನಿ ಉದ್ಘಾಟಿಸಿದರು. ಹತ್ತಿರದ ಸಂಸ್ಥೆ ಆ ಪಟ್ಟಿಯಲ್ಲಿದೆಯೇ ಎಂದೂ ವಿಚಾರಿಸಬಹುದು.

ಐಟಿಐ ಕೊನೆಗೆ ಬರುವ ಅಖಿಲ ಭಾರತ ವೃತ್ತಿ ಪರೀಕ್ಷೆಯಲ್ಲಿ ಪ್ರಾಯೋಗಿಕ ಭಾಗಕ್ಕೆ ಶೇ. 60, ಲಿಖಿತ ಭಾಗಕ್ಕೆ ಶೇ. 33 ಅಂಕ ಬೇಕು. ಈ ಎರಡು ಸಂಖ್ಯೆಗಳ ಅಂತರವೇ ಪರೀಕ್ಷೆಯ ಮನಸ್ಸನ್ನು ಹೇಳುತ್ತದೆ: ಕೈ ಮೊದಲು, ಬರಹ ಆಮೇಲೆ. ಕೇಂದ್ರ ತರಬೇತಿ ನಿರ್ದೇಶನಾಲಯದ ಭಾರತ್ ಸ್ಕಿಲ್ಸ್ ತಾಣದಲ್ಲಿ ಪಠ್ಯಕ್ರಮವೂ ಪ್ರಶ್ನೆಕೋಶವೂ ಕಾಸಿಲ್ಲದೆ ಸಿಗುತ್ತವೆ. ಐಟಿಐ ಪಠ್ಯಗಳನ್ನು ಹೊರತರುವ ಸಂಸ್ಥೆ ಚೆನ್ನೈನ ನಿಮಿ.

ಐಟಿಐಗೆ ಹೋಗಲಾಗದವರಿಗೆ ಎಲೆಕ್ಟ್ರಾನಿಕ್ಸ್ ವಲಯ ಕೌಶಲ್ಯ ಮಂಡಳಿಯ ‘ಫೀಲ್ಡ್ ಟೆಕ್ನೀಷಿಯನ್, ಕಂಪ್ಯೂಟಿಂಗ್ ಅಂಡ್ ಪೆರಿಫೆರಲ್ಸ್’ ಎಂಬ ಅರ್ಹತೆ ಇದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಂಥವುಗಳ ಮೂಲಕ ಇಂಥ ಕಿರು ತರಬೇತಿಗಳು ನಡೆದಿವೆ.

ಸರ್ಕಾರಿ ನೌಕರರಿಗಾಗಿ ಕಿಯೋನಿಕ್ಸ್ ನಡೆಸುವ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಬೇರೆಯೇ. ಅದು 2012ರ ನಿಯಮಗಳಿಂದ ಬಂದದ್ದು, ಬಳಕೆಯ ಜ್ಞಾನವನ್ನು ಅಳೆಯುವಂಥದ್ದು. ಅದನ್ನು ಪಾಸು ಮಾಡಿದವರಿಗೆ ದುರಸ್ತಿ ಬರುತ್ತದೆಂದು ತಿಳಿಯಬಾರದು.

ಇನ್ನು ಎ ಪ್ಲಸ್. ಇದರಲ್ಲಿ ಎರಡು ಪತ್ರಿಕೆಗಳು, ಎರಡನ್ನೂ ಪಾಸಾಗಬೇಕು. 2025ರ ಮಾರ್ಚ್‌ನಲ್ಲಿ ಬಂದ ಹೊಸ ಆವೃತ್ತಿಯ ಸಂಕೇತಗಳು 220-1201 ಮತ್ತು 220-1202. ಪ್ರತಿ ಪತ್ರಿಕೆಗೆ 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. ಅಂಕಗಳನ್ನು 100ರಿಂದ 900ರ ಅಳತೆಯಲ್ಲಿ ಕೊಡುತ್ತಾರೆ. ಮೊದಲ ಪತ್ರಿಕೆಗೆ 675, ಎರಡನೆಯದಕ್ಕೆ 700 ಬಂದರೆ ತೇರ್ಗಡೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ಪಿಯರ್ಸನ್ ವ್ಯೂ ಕೇಂದ್ರದಲ್ಲಿ ಅಥವಾ ಮನೆಯಲ್ಲೇ ಕ್ಯಾಮೆರಾದ ಕಣ್ಗಾವಲಿನಲ್ಲಿ ಬರೆಯಬಹುದು. ಭಾರತೀಯ ಭಾಷೆಗಳಲ್ಲಿ ಇದು ಇಲ್ಲ. ಎರಡೂ ಪತ್ರಿಕೆಗೆ ಬೇರೆಬೇರೆ ಶುಲ್ಕ; ಕೂಲಿಯ ಮನೆಗೆ ಅದು ಸಣ್ಣ ಮೊತ್ತವಲ್ಲ. ಪ್ರಮಾಣಪತ್ರದ ಅವಧಿ ಮೂರು ವರ್ಷ, ಆಮೇಲೆ ನವೀಕರಿಸಬೇಕು. ಹೀಗಾಗಿ ಚಂದ್ರಬಂಡದ ಹುಡುಗನಿಗೆ ಎ ಪ್ಲಸ್ ಮೊದಲ ಮೆಟ್ಟಿಲಾಗಬಾರದು. ಐಟಿಐ ಮುಗಿಸಿ, ಒಂದು ವರ್ಷ ಕೆಲಸ ಮಾಡಿ, ಬೆಂಗಳೂರು ಅಥವಾ ಹೈದರಾಬಾದಿನ ಕಂಪನಿಗಳ ಸಹಾಯವಾಣಿ ಕೆಲಸಕ್ಕೆ ಹೋಗಬೇಕೆಂದಾಗ ದುಡಿದ ದುಡ್ಡಿನಲ್ಲೇ ಕಟ್ಟಬಹುದಾದ ಪರೀಕ್ಷೆ ಅದು. ಆದರೆ ಅದರ ಪಠ್ಯಕ್ರಮದ ಪಟ್ಟಿ ಎಲ್ಲರಿಗೂ ಉಚಿತ, ಯಾವ ಪರೀಕ್ಷೆಗೆ ಓದುವವರಿಗೂ ಒಳ್ಳೆಯ ಕೈಪಿಡಿ.

ದೋಷ ಹುಡುಕುವ ಕ್ರಮ

ಎ ಪ್ಲಸ್ ಪಠ್ಯಕ್ರಮದ ಆ ಪಟ್ಟಿಯಲ್ಲಿ ಅತಿ ಹೆಚ್ಚು ತೂಕ ದೋಷಶೋಧನೆಗೇ. ಮೊದಲ ಪತ್ರಿಕೆಯಲ್ಲಿ ಹಾರ್ಡ್‌ವೇರ್ ಮತ್ತು ನೆಟ್‌ವರ್ಕ್ ದೋಷಶೋಧನೆಗೆ ಶೇ. 28, ಬಿಡಿಭಾಗಗಳಿಗೆ ಶೇ. 25, ನೆಟ್‌ವರ್ಕಿಗೆ ಶೇ. 23, ಉಳಿದದ್ದು ಮೊಬೈಲ್ ಸಾಧನಗಳು ಮತ್ತು ಕ್ಲೌಡ್. ಎರಡನೆಯದರಲ್ಲಿ ಕಾರ್ಯಾಚರಣ ವ್ಯವಸ್ಥೆಗೂ ಸುರಕ್ಷತೆಗೂ ತಲಾ ಶೇ. 28. ಸಿದ್ಧತೆಯ ವೇಳೆಯನ್ನೂ ಇದೇ ಪ್ರಮಾಣದಲ್ಲಿ ಹಂಚಿಕೊಳ್ಳಬೇಕು. ಬಹಳ ಮಂದಿ ಪೋರ್ಟ್ ಸಂಖ್ಯೆ, ಕೇಬಲ್ ವೇಗ ಬಾಯಿಪಾಠ ಮಾಡುವುದರಲ್ಲೇ ತಿಂಗಳು ಕಳೆದು, ಪ್ರಶ್ನೆ ‘ಮೊದಲು ಏನು ಮಾಡುವಿರಿ?’ ಎಂದು ಬಂದಾಗ ತಡವರಿಸುತ್ತಾರೆ.

ಬೇಸಿಗೆಯ ಒಂದು ಮುಂಜಾನೆ ಸೇವಾ ಕೇಂದ್ರದಿಂದ ಫೋನ್ ಬಂತೆಂದುಕೊಳ್ಳೋಣ: “ಅಣ್ಣಾ, ಸಿಸ್ಟಮ್ ಚಾಲು ಆಗವಲ್ದು. ಮಂದಿ ಪಾಳಿ ಹಚ್ಚಿ ನಿಂತಾರ, ಜಲ್ದಿ ಬರ್ರಿ.” ಅಂಗಡಿಯಲ್ಲಿ ಕಲಿತ ಕೈ ಸೀದಾ ರ‍್ಯಾಮ್ ಕಿತ್ತು ರಬ್ಬರಿನಿಂದ ಉಜ್ಜತೊಡಗುತ್ತದೆ. ಎಷ್ಟೋ ಸಲ ಅದು ಕೆಲಸವನ್ನೂ ಮಾಡುತ್ತದೆ. ಪರೀಕ್ಷೆ ಒಪ್ಪುವ ಕ್ರಮ ಬೇರೆ. ಮೊದಲು ಕೇಳಬೇಕು: ನಿನ್ನೆ ಚಲೋ ಇತ್ತೇ, ರಾತ್ರಿ ಕರೆಂಟ್ ಹೋಗಿ ಬಂತೇ, ಯಾರಾದರೂ ಏನಾದರೂ ಬದಲಿಸಿದರೇ? ಎರಡನೆಯದಾಗಿ ಒಂದು ಊಹೆ ಮಾಡಬೇಕು, ಅದೂ ಸರಳವಾದದ್ದನ್ನೇ ಮೊದಲು: ಪ್ಲಗ್ ಸಡಿಲವಾಗಿರಬಹುದು, ಯುಪಿಎಸ್ ಸತ್ತಿರಬಹುದು. ಮೂರನೆಯದು ಆ ಊಹೆಯನ್ನು ಪರೀಕ್ಷಿಸುವುದು. ಫ್ಯಾನ್ ತಿರುಗುತ್ತಿದೆಯೇ? ತಿರುಗದಿದ್ದರೆ ಎಸ್‌ಎಂಪಿಎಸ್ ಕಡೆ ನೋಡಬೇಕು; ಮಲ್ಟಿಮೀಟರಿನಲ್ಲಿ ಹಳದಿ ತಂತಿ 12 ವೋಲ್ಟ್, ಕೆಂಪು 5, ಕೇಸರಿ 3.3 ತೋರಿಸಬೇಕು, ಶೇ. 5ರಷ್ಟು ಹೆಚ್ಚುಕಡಿಮೆ ನಡೆಯುತ್ತದೆ. ಫ್ಯಾನ್ ತಿರುಗಿ ಪರದೆ ಮಾತ್ರ ಕಪ್ಪಾಗಿದ್ದರೆ ಅದು ‘ನೋ ಡಿಸ್‌ಪ್ಲೇ’. ಮಾನಿಟರ್ ಕೇಬಲ್, ಬೀಪ್ ಸದ್ದು, ಆಮೇಲೆ ರ‍್ಯಾಮ್. ಊಹೆ ಸುಳ್ಳಾದರೆ ಇನ್ನೊಂದು ಊಹೆ. ಕೈಲಾಗದ್ದಾದರೆ ಹೆಚ್ಚು ಬಲ್ಲವರಿಗೆ ಒಪ್ಪಿಸುವುದು. ನಾಲ್ಕನೆಯದು ಮುಂದಿನ ಕೆಲಸದ ಯೋಜನೆ ಹಾಕಿ ಸರಿಪಡಿಸುವುದು. ಐದನೆಯದು ಇಡೀ ವ್ಯವಸ್ಥೆ ನಡೆಯುತ್ತಿದೆಯೇ ಎಂದು ನೋಡುವುದು: ಯಂತ್ರ ಹೊತ್ತಿದರೆ ಸಾಲದು, ಬೆರಳ ಗುರುತಿನ ಸಾಧನ ಓದಬೇಕು, ಪ್ರಿಂಟರಿನಿಂದ ಪಹಣಿ ಹೊರಬರಬೇಕು. ಕೊನೆಯದು ಬರೆದಿಡುವುದು.

ಆರನೆಯ ಈ ಹೆಜ್ಜೆಯನ್ನೇ ನಮ್ಮಲ್ಲಿ ಬಿಡುವುದು ಹೆಚ್ಚು. ಎರಡು ರೂಪಾಯಿಯ ನೋಟುಬುಕ್ಕಿನ ಪುಟದಷ್ಟೂ ಖರ್ಚಿಲ್ಲದ ಕೆಲಸ ಅದು. ದಿನಾಂಕ, ಯಂತ್ರ, ಲಕ್ಷಣ, ಕಾರಣ, ಮಾಡಿದ ಕೆಲಸ ಎಂದು ಐದು ಕಾಲಮ್ ಎಳೆದು ಆರು ತಿಂಗಳು ಬರೆದವನಿಗೆ ಅದಕ್ಕಿಂತ ಒಳ್ಳೆಯ ಪ್ರಶ್ನೆಕೋಶ ಎಲ್ಲಿಯೂ ಸಿಗದು.

ಊರಿನ ಪಾಠಗಳು

ರಾಯಚೂರಿನ ಹವೆಯೇ ಒಂದು ಪಠ್ಯಪುಸ್ತಕ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹತ್ತಿಯ ನೂಲುಕಣ, ರಸ್ತೆಯ ಧೂಳು ಹೀಟ್‌ಸಿಂಕಿನ ಸಂದುಗಳಲ್ಲಿ ಕೂತರೆ ಪ್ರೊಸೆಸರ್ ಕಾದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಇನ್ನೂ ಕಾದರೆ ಯಂತ್ರ ತಾನಾಗಿ ಆರುತ್ತದೆ. ಬ್ಲೋವರ್ ಹಿಡಿದು ಧೂಳು ಹಾರಿಸಿ, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದವರಿಗೆ ‘ಅರ್ಧ ಗಂಟೆ ಬಳಸಿದ ಮೇಲೆ ಕಂಪ್ಯೂಟರ್ ಆರಿಹೋಗುತ್ತದೆ, ಕಾರಣವೇನು?’ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿಲ್ಲ.

ಒಣ ಹವೆಯಲ್ಲಿ ಮೈಯಲ್ಲಿ ಸ್ಥಿರವಿದ್ಯುತ್ ಹೆಚ್ಚು ಕೂಡುತ್ತದೆ. ಬೆರಳಿಗೆ ಚುರುಕ್ ಎನ್ನಬೇಕಾದರೆ ಸುಮಾರು 3000 ವೋಲ್ಟ್ ಬೇಕು. ಅದಕ್ಕಿಂತ ಎಷ್ಟೋ ಕಡಿಮೆಯಲ್ಲೇ, ನಮಗೆ ಗೊತ್ತೂ ಆಗದಂತೆ ಚಿಪ್ ಸುಟ್ಟಿರುತ್ತದೆ. ಅದಕ್ಕೇ ಮಣಿಕಟ್ಟಿಗೆ ಆಂಟಿಸ್ಟ್ಯಾಟಿಕ್ ಪಟ್ಟಿ ಕಟ್ಟಿಕೊಂಡು ಕೆಲಸ ಮಾಡಬೇಕು ಎನ್ನುತ್ತದೆ ಪರೀಕ್ಷೆ. ಅದಿಲ್ಲದಿದ್ದರೆ ಕನಿಷ್ಠ ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಮುಟ್ಟಿ ಬಿಡಿಭಾಗಕ್ಕೆ ಕೈ ಹಾಕುವ ಅಭ್ಯಾಸವಾಗಲಿ.

ಅರ್ಥಿಂಗ್ ಮಾತು ಪುಸ್ತಕದಲ್ಲಿ ಒಂದೆರಡು ಸಾಲು. ಇಲ್ಲಿ ಅದೇ ಅರ್ಧ ಪಾಠ. ಉಪ್ಪು, ಇದ್ದಲು ತುಂಬಿದ ಗುಂಡಿ ಬೇಸಿಗೆಯಲ್ಲಿ ಒಣಗಿ ಅರ್ಥಿಂಗ್ ದುರ್ಬಲವಾಗುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವುದು, ಬೆರಳ ಗುರುತಿನ ಸಾಧನ ಕಾರಣವಿಲ್ಲದೆ ಕೈಕೊಡುವುದು ಇದರಿಂದಲೂ ಆಗಬಹುದು. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಮೀಟರ್ ಇಟ್ಟು ಅಳೆದರೆ ಎರಡು ಮೂರು ವೋಲ್ಟಿಗಿಂತ ಹೆಚ್ಚು ಬರಬಾರದು. ಬಂದರೆ ಗುಂಡಿಗೆ ನೀರು ಹಾಕಿಸಿ, ಎಲೆಕ್ಟ್ರಿಷಿಯನ್ ಕರೆಸಿ ಎಂದು ಹೇಳುವುದು ತಂತ್ರಜ್ಞನ ಕೆಲಸ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ನೆಟ್‌ವರ್ಕಿನ ಒಂದು ಉದಾಹರಣೆ ಸಾಕು. ‘ನೆಟ್ ಬರವಲ್ದು’ ಎಂದಾಗ ಐಪಿಕಾನ್ಫಿಗ್ ಆಜ್ಞೆ ಕೊಟ್ಟು ನೋಡಿದರೆ ವಿಳಾಸ 169.254 ಎಂದು ಶುರುವಾಗಿದೆ ಎನ್ನಿ. ಯಂತ್ರಕ್ಕೆ ರೂಟರಿನಿಂದ ವಿಳಾಸ ಸಿಕ್ಕಿಲ್ಲ, ತಾನೇ ಒಂದು ಹಾಕಿಕೊಂಡಿದೆ ಎಂದು ಅರ್ಥ. ಕೇಬಲ್, ಕನೆಕ್ಟರ್, ರೂಟರ್ ಈ ಮೂರನ್ನು ನೋಡಬೇಕು. ವಿಳಾಸ 192.168 ಎಂದಿದ್ದು, ಹೊರಗಿನ ಐಪಿ ವಿಳಾಸಕ್ಕೆ ಪಿಂಗ್ ಹೋಗಿ, ತಾಣದ ಹೆಸರಿಗೆ ಮಾತ್ರ ಹೋಗದಿದ್ದರೆ ದೋಷ ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್‌ನದು. ಕೇಬಲ್ ಕ್ರಿಂಪ್ ಮಾಡುವಾಗ ಎಂಟು ತಂತಿಗಳ ಬಣ್ಣದ ಕ್ರಮ ಕಣ್ಣುಮುಚ್ಚಿ ಬರಬೇಕು: ಬಿಳಿಕೇಸರಿ, ಕೇಸರಿ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. ಐಟಿಐ ಪ್ರಾಯೋಗಿಕದಲ್ಲೂ ಇದು ಕೈಯಲ್ಲಿರಬೇಕಾದ ಕೆಲಸ. ಒಂದು ಎಳೆಯ ಉದ್ದ 100 ಮೀಟರ್ ದಾಟಬಾರದು ಎಂಬುದನ್ನು ಹಳ್ಳಿಯಲ್ಲಿ ಒಂದು ಓಣಿಯಿಂದ ಇನ್ನೊಂದು ಓಣಿಗೆ ಕೇಬಲ್ ಎಳೆಯುವವರು ಮರೆಯುತ್ತಾರೆ.

ಯಾವ ಪಠ್ಯಕ್ರಮದಲ್ಲೂ ಇಲ್ಲದ ಒಂದು ಪಾಠ ಕನ್ನಡದ್ದು. ಹಳೆಯ ನುಡಿ ಅಥವಾ ಬರಹದ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅದು ವೈರಸ್ ಎಂದು ಹೆದರಿ ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿದರೆ ಕಡತಗಳೆಲ್ಲ ಹೋದವು. ಫಾಂಟ್ ಹಾಕಿ, ಆಮೇಲೆ ಯೂನಿಕೋಡಿಗೆ ಪರಿವರ್ತಿಸಿಕೊಟ್ಟರೆ ಮುಗಿಯಿತು. ಕರ್ನಾಟಕದ ತಂತ್ರಜ್ಞನಿಗೆ ಇದು ಗೊತ್ತಿರಲೇಬೇಕು; ಐಟಿಐ ಪಠ್ಯದಲ್ಲಿ ಇದಕ್ಕೊಂದು ಅಧ್ಯಾಯ ಸೇರಿಸಬೇಕೆಂಬುದು ಈ ಬರಹದ ಸ್ಪಷ್ಟ ಅಭಿಪ್ರಾಯ.

ಇಂಗ್ಲಿಷಿನ ತೊಡಕು, ಅಮೆರಿಕದ ತೊಡಕು

ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ವಿಷಯ ಕಷ್ಟವಲ್ಲ, ಪ್ರಶ್ನೆಯ ವಾಕ್ಯ ಕಷ್ಟ. ‘ಫಸ್ಟ್’, ‘ನೆಕ್ಸ್ಟ್’, ‘ಬೆಸ್ಟ್’, ‘ಮೋಸ್ಟ್ ಲೈಕ್ಲಿ’, ‘ನಾಟ್’ ಎಂಬ ಐದಾರು ಮಾತುಗಳ ಮೇಲೆ ಇಡೀ ಪ್ರಶ್ನೆ ನಿಂತಿರುತ್ತದೆ. ನಾಲ್ಕು ಉತ್ತರಗಳೂ ಸರಿಯಾಗಿದ್ದು, ಯಾವುದು ಮೊದಲು ಎಂಬುದಷ್ಟೇ ಕೇಳಿರಬಹುದು. ಪ್ರತಿದಿನ ಹತ್ತು ಪ್ರಶ್ನೆಗಳನ್ನು ಕನ್ನಡದಲ್ಲಿ ಬಾಯಿಬಿಟ್ಟು ಗೆಳೆಯನಿಗೆ ಹೇಳಿ, ಉತ್ತರಕ್ಕೆ ಕಾರಣವನ್ನೂ ಹೇಳುವುದು ಒಳ್ಳೆಯ ಅಭ್ಯಾಸ. ಬಿಡಿಭಾಗಗಳ ಹೆಸರು ಹೇಗೂ ಇಂಗ್ಲಿಷಿನವೇ. ಅವು ನಮ್ಮ ಬಾಯಲ್ಲಿ ಆಗಲೇ ಇವೆ.

ಎ ಪ್ಲಸ್ ಬರೆಯುವವರು ಇನ್ನೊಂದು ಎಚ್ಚರ ವಹಿಸಬೇಕು. ಅದು ಅಮೆರಿಕದ ಮನೆಯಲ್ಲಿ ಹುಟ್ಟಿದ ಪರೀಕ್ಷೆ. ಅಲ್ಲಿ ಗೋಡೆಯ ವಿದ್ಯುತ್ 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ವಿದ್ಯುತ್ ಬೆಂಕಿಯನ್ನು ಅವರು ‘ಸಿ’ ವರ್ಗ ಎನ್ನುತ್ತಾರೆ. ಭಾರತದ ಮಾನಕದಲ್ಲಿ ‘ಸಿ’ ಎಂದರೆ ಅನಿಲದ ಬೆಂಕಿ. ಪರೀಕ್ಷೆಯಲ್ಲಿ ಅವರ ವರ್ಗ ಬರೆಯಿರಿ, ಅಂಗಡಿಯಲ್ಲಿ ಇಂಗಾಲದ ಡೈಆಕ್ಸೈಡ್ ಅಥವಾ ಒಣಪುಡಿಯ ಸಿಲಿಂಡರ್ ಇಡಿ. ನೀರು ಮಾತ್ರ ಎರಡೂ ಕಡೆ ನಿಷಿದ್ಧ.

ಹಣಕ್ಕೆ ಸಿಗುವ ‘ನಿಜವಾದ ಪ್ರಶ್ನೆಗಳ’ ಕಡತಗಳತ್ತ ಕಣ್ಣು ಹಾಯಿಸಬಾರದು. ಅದು ಕಾಂಪ್‌ಟಿಯಾ ನಿಯಮಕ್ಕೆ ವಿರುದ್ಧ. ಗೊತ್ತಾದರೆ ಪ್ರಮಾಣಪತ್ರವೇ ರದ್ದಾಗುತ್ತದೆ. ಉಚಿತ ಸಾಧನಗಳೇ ಬೇಕಾದಷ್ಟಿವೆ. ಸಿಸ್ಕೊ ಸಂಸ್ಥೆಯ ಪ್ಯಾಕೆಟ್ ಟ್ರೇಸರ್‌ನಲ್ಲಿ ರೂಟರ್ ಕೊಳ್ಳದೆಯೇ ನೆಟ್‌ವರ್ಕ್ ಕಟ್ಟಿ ನೋಡಬಹುದು. ವರ್ಚುವಲ್‌ಬಾಕ್ಸ್‌ನಲ್ಲಿ ಒಂದೇ ಯಂತ್ರದೊಳಗೆ ಉಬುಂಟು ಹಾಕಿ, ಕೆಡಿಸಿ, ಮತ್ತೆ ಹಾಕಬಹುದು.

ನಂಬಿಕೆಯ ಪಾಠ

ಎ ಪ್ಲಸ್ ಎರಡನೇ ಪತ್ರಿಕೆಯ ಶೇ. 21 ಭಾಗ ವೃತ್ತಿಯ ನಡವಳಿಕೆಗೆ ಮೀಸಲು. ಇದನ್ನು ಸುಲಭವೆಂದು ಓದದೆ ಹೋಗುವವರುಂಟು. ಆದರೆ ಹಳ್ಳಿಯ ಸೇವಾ ಕೇಂದ್ರದ ಡಿಸ್ಕಿನಲ್ಲಿ ಇಡೀ ಊರಿನ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್, ಹೊಲದ ದಾಖಲೆ, ಹೆಣ್ಣುಮಕ್ಕಳ ಫೋಟೊ ಇರುತ್ತವೆ. ಅದನ್ನು ನೋಡುವ ಅಧಿಕಾರ ದುರಸ್ತಿಗೆ ಬಂದವನಿಗಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬರುವ ಮೊದಲೂ ಇದು ಧರ್ಮವೇ ಆಗಿತ್ತು. ಫಾರ್ಮ್ಯಾಟ್ ಮಾಡುವ ಮುನ್ನ ಬ್ಯಾಕಪ್ ತೆಗೆದುಕೊಳ್ಳುವುದು, ಎಷ್ಟು ಖರ್ಚಾದೀತೆಂದು ಮೊದಲೇ ಹೇಳುವುದು, ತಡವಾದರೆ ಫೋನ್ ಮಾಡಿ ತಿಳಿಸುವುದು, “ನಿಮಗ ಗೊತ್ತಾಗಂಗಿಲ್ಲ ಬಿಡ್ರಿ” ಎನ್ನದೆ ಅರ್ಥವಾಗುವಂತೆ ಹೇಳುವುದು ಪರೀಕ್ಷೆಯಲ್ಲಿ ಅಂಕ ತರುತ್ತವೆ, ಊರಲ್ಲಿ ಗಿರಾಕಿಗಳನ್ನು ಉಳಿಸುತ್ತವೆ.

ಹಳೆಯ ಯಂತ್ರಗಳು

ಪುಸ್ತಕ, ವೀಡಿಯೊ, ಪ್ರಶ್ನೆಕೋಶ ಎಲ್ಲ ಮೊಬೈಲಿಗೇ ಬರುವ ಈ ಕಾಲದಲ್ಲಿ ಕಲಿಯುವವರಿಗೆ ಸಿಗದಿರುವುದು ಒಂದೇ, ಬಿಚ್ಚಿ ನೋಡಲು ಒಂದು ಯಂತ್ರ. ಚಲೋ ಇರುವ ಕಂಪ್ಯೂಟರನ್ನು ಕಲಿಯುವವನ ಕೈಗೆ ಯಾರೂ ಕೊಡುವುದಿಲ್ಲ, ಕೊಡಲೂಬಾರದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಿಡಿಯದ ಯಂತ್ರಗಳು ಅಂಗಡಿ, ಮನೆ, ಖಾಸಗಿ ಶಾಲೆಗಳ ಮೂಲೆ ಸೇರುತ್ತಿವೆ, ಅಲ್ಲಿಂದ ಗುಜರಿಗೆ ಹೋಗುತ್ತವೆ. ಅವುಗಳಲ್ಲಿ ಕಲಿಯಲು ಬೇಕಾದದ್ದೆಲ್ಲ ಇದೆ: ಕೀಳಲು ರ‍್ಯಾಮ್, ಅಳೆಯಲು ಎಸ್‌ಎಂಪಿಎಸ್, ಬದಲಿಸಲು ಮೂರು ವೋಲ್ಟಿನ ಸಿಎಂಒಎಸ್ ಬ್ಯಾಟರಿ, ಹಾಕಲು ಉಬುಂಟು. ರಾಯಚೂರು, ಮಾನ್ವಿ, ದೇವದುರ್ಗ, ಚಂದ್ರಬಂಡದಲ್ಲಿ ಇಂಥ ಯಂತ್ರ ಇಟ್ಟುಕೊಂಡವರು ಡಿಸ್ಕನ್ನು ಪೂರ್ತಿ ಅಳಿಸಿ, ಪಕ್ಕದ ಓಣಿಯಲ್ಲಿ ಈ ಪರೀಕ್ಷೆಗೆ ಓದುತ್ತಿರುವ ಹುಡುಗನಿಗೋ ಹುಡುಗಿಗೋ ಒಂದನ್ನು ಕೊಡಿ. ಗುಜರಿಯವನು ಅದಕ್ಕೆ ಕೊಡುವುದು ಕೆಲವು ನೂರು ರೂಪಾಯಿ ಮಾತ್ರ.